"ಕೂರುತ್ತೆ ತಗೊಳ್ಳಿ" ಅನ್ನೋ ಆಯಿಲ್ ಫಿಲ್ಟರ್

ಹಳೇ ಗಾಡಿ ಇಟ್ಟುಕೊಂಡವರ ಹಣೆಬರಹ ನೋಡಿ. ಕೌಂಟರ್ ಮುಂದೆ ನಿಂತು ಮಾಡೆಲ್ಲು, ತಯಾರಾದ ವರ್ಷ, ಎಂಜಿನ್ ನಂಬರು ಎಲ್ಲವನ್ನೂ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಬೇಕು. ಎದುರಿಗಿರುವವನು ಅದನ್ನೆಲ್ಲ ಕೇಳಿಸಿಕೊಂಡು, ಬೆನ್ನ ಹಿಂದಿನ ಕಪಾಟಿಗೆ ಕೈಹಾಕಿ, ಸಿಕ್ಕ ಡಬ್ಬಿಯನ್ನ ಟಪ್ ಅಂತ ಇಟ್ಟು ಹೇಳೋದು ಒಂದೇ ಮಾತು: "ತಗೊಳ್ಳಿ ಸರ್, ಕೂರುತ್ತೆ."

ಕೂರೋಕೆ ಅದೇನು ಟೋಪಿನಾ? ಟೋಪಿಯೇ ಅನ್ನಿ, ಹಾಕಿಸಿಕೊಳ್ಳೋರು ನಾವು. ಆಯಿಲ್ ಫಿಲ್ಟರ್ ಅಂದರೆ ಎಂಜಿನ್ ಆಯಿಲಿನ ಕಸ ಸೋಸುವ ಡಬ್ಬಿ. ಪಂಪಿನಿಂದ ಹೊರಟ ಆಯಿಲ್, ಎಂಜಿನ್ ಒಳಗೆ ತಿರುಗುವ ಭಾಗಗಳನ್ನ ಹೊತ್ತ ಬೇರಿಂಗ್ ಮುಟ್ಟುವ ಮುಂಚೆ ಆ ಡಬ್ಬಿ ದಾಟಬೇಕು. ಥ್ರೆಡ್ ಎಷ್ಟು, ಗ್ಯಾಸ್ಕೆಟ್ ಅಳತೆ ಎಷ್ಟು, ಬೈಪಾಸ್ ವಾಲ್ವ್ ಎಷ್ಟು ಪ್ರೆಷರ್‌ಗೆ ತೆರೆಯುತ್ತೆ, ಎಷ್ಟು ಮೈಕ್ರಾನಿನ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ಕಸ ಎಷ್ಟು ಪರ್ಸೆಂಟ್ ಹಿಡಿಯುತ್ತೆ: ಪೆಟ್ಟಿಗೆ ಮೇಲೆ ಬರೆಯಬೇಕಾದ್ದು ಈ ನಾಲ್ಕೇ ಸಂಗತಿ. ಅದನ್ನ ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತೆ. ಬೆಂಕಿ ಉಗುಳುವ ಎಂಜಿನ್ ಚಿತ್ರ, ಚಿನ್ನದ ಬಣ್ಣದ ಅಕ್ಷರ, "ಅಲ್ಟ್ರಾ", "ಮ್ಯಾಕ್ಸ್", "ಪ್ರೊ". ಮೇಲೆ ಥಳುಕು, ಒಳಗೆ ಹುಳುಕು.

ಮೊದಲು ಥ್ರೆಡ್, ಅಂದರೆ ಡಬ್ಬಿಯನ್ನ ತಿರುಗಿಸಿ ಕೂರಿಸುವ ಸ್ಕ್ರೂ ಸುತ್ತು. ಹಳೇ ಎಂಜಿನ್‌ಗಳಲ್ಲಿ ಪದೇಪದೇ ಎಡವಟ್ಟಾಗೋದು ಎರಡು ಅಳತೆಗಳ ಮಧ್ಯೆ. ಒಂದು 3/4 ಇಂಚು, ಇಂಚಿಗೆ 16 ಸುತ್ತು. ಇನ್ನೊಂದು ಎಂ20, ಪಿಚ್ (ಸುತ್ತಿನಿಂದ ಸುತ್ತಿಗೆ ಇರುವ ಅಂತರ) 1.5 ಮಿ.ಮೀ. ಮೊದಲನೆಯದರ ದಪ್ಪ 19.05 ಮಿ.ಮೀ., ಪಿಚ್ ಸುಮಾರು 1.59. ಎರಡನೆಯದು 20 ಮಿ.ಮೀ. ಕಣ್ಣಿಗೆ ಅವಳಿ ಜವಳಿ, ಒಂದು ಮಿ.ಮೀ. ಕೂಡ ವ್ಯತ್ಯಾಸ ಇಲ್ಲ. ಎಂ20 ಫಿಲ್ಟರನ್ನ 3/4 ಇಂಚಿನ ಸ್ಟಡ್ಡಿಗೆ (ಫಿಲ್ಟರ್ ಕೂರಿಸೋಕೆ ಎಂಜಿನ್ನಿನಿಂದ ಚಾಚಿರುವ ಥ್ರೆಡ್ ಇರುವ ತುಂಡು) ಹಾಕಿದರೆ ಏನಾಗುತ್ತೆ ಗೊತ್ತಾ? ಸಲೀಸಾಗಿ ಹೋಗುತ್ತೆ. ರಬ್ಬರ್ ತಾಗುತ್ತೆ, ಕೈಗೆ ಬಿಗಿಯಾದ ಹಾಗೇ ಅನ್ನಿಸುತ್ತೆ. ಆದರೆ ಹಿಡಿದಿರೋದು ಥ್ರೆಡ್ಡಿನ ತುದಿಗಳು ಮಾತ್ರ. ಐಡ್ಲಿಂಗಲ್ಲಿ ಒಂದು ತೊಟ್ಟೂ ಸೋರಲ್ಲ. ಮಾರನೇ ದಿನ ಬೆಳಗ್ಗೆ ಎಂಜಿನ್ ತಣ್ಣಗಿದ್ದು, ಆಯಿಲ್ ಮಂದವಾಗಿದ್ದು, ಸ್ಟಾರ್ಟ್ ಮಾಡಿ ರೇಸ್ ಕೊಟ್ಟ ಕೂಡಲೇ ಪ್ರೆಷರ್ ಏರಿ ಡಬ್ಬಿ ಕಿತ್ತುಕೊಂಡು ಬರುತ್ತೆ. ಸಂಪಿನಲ್ಲಿದ್ದ, ಅಂದರೆ ಎಂಜಿನ್ ತಳದ ತೊಟ್ಟಿಯಲ್ಲಿದ್ದ ಆಯಿಲೆಲ್ಲ ನೋಡನೋಡುತ್ತಿದ್ದಂತೆ ನೆಲದ ಪಾಲು. ಆಮೇಲೆ ಅಂಗಡಿಯಲ್ಲಿ ಕೇಳಿದರೆ "ಟೈಟ್ ಮಾಡಿಲ್ಲ ನೀವು"!

ಪರೀಕ್ಷೆ ಸುಲಭ. ಹೊಸ ಫಿಲ್ಟರನ್ನ ಬರಿಗೈಯಲ್ಲಿ ಮೂರು ನಾಲ್ಕು ಸುತ್ತು ಹಾಕಿ, ರಬ್ಬರ್ ತಾಗುವ ಮುಂಚೆ ನಿಲ್ಲಿಸಿ, ಆ ಕಡೆ ಈ ಕಡೆ ಅಲ್ಲಾಡಿಸಿ ನೋಡಿ. ಚೂರು ಆಟ ಇರೋದು ಸಹಜ, ಗಡಗಡ ಅಂದರೆ ಅದು ಬೇರೆ ಥ್ರೆಡ್, ವಾಪಸ್ ಕೊಡಿ. ಉಲ್ಟಾ ಕೇಸಿನಲ್ಲಿ, ಅಂದರೆ 3/4 ಇಂಚಿನ ಫಿಲ್ಟರ್ ಎಂ20 ಸ್ಟಡ್ಡಿಗೆ, ಮೊದಲ ಸುತ್ತೇ ಹತ್ತಲ್ಲ. ಅಲ್ಲಿಗೆ ಬಿಟ್ಟರೆ ಬಚಾವ್. ಪಾನಾ ಹಾಕಿ ಒತ್ತಾಯ ಮಾಡುವ ಮಹಾಶಯರ ಕೈಗೆ ಸಿಕ್ಕರೆ ಸ್ಟಡ್ ಹೋಯ್ತು.

ಗ್ಯಾಸ್ಕೆಟ್ ಅಳತೆಯೂ ಅಷ್ಟೇ. ಈ ರಬ್ಬರ್ ರಿಂಗ್ ಪೂರ್ತಿಯಾಗಿ ಎಂಜಿನ್ ಬ್ಲಾಕಿನ ನಯವಾದ ಸೀಟಿನ ಮೇಲೇ ಕೂರಬೇಕು. ಎರಡು ಮಿ.ಮೀ. ಆಚೆ ಹೋಗಿ ಅಂಚಿನಲ್ಲಿ ನೇತಾಡಿದರೆ ಸ್ವಲ್ಪ ದಿನ ತಡೆದು, ಬಿಸಿಗೆ ಮೆತ್ತಗಾಗಿ, ಒಂದು ದಿನ ಪಕ್ಕಕ್ಕೆ ನುಸುಳಿ ಹೊರಗೆ ಬರುತ್ತೆ. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಿಂಗಿನ ಒಳ ಅಳತೆ, ಹೊರ ಅಳತೆ ಎರಡನ್ನೂ ಕ್ಯಾಲಿಪರಲ್ಲಿ ಹಿಡಿದು ಬರೆದಿಟ್ಟುಕೊಳ್ಳಿ. ಅದೊಂದು ಚೀಟಿ ಕೌಂಟರಿನಲ್ಲಿ ಮಾಡೆಲ್ ಹೆಸರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತೆ.

ಈಗ ನಿಜವಾಗಿ ಹೊಟ್ಟೆ ಉರಿಸುವ ವಿಷಯ: ಬೈಪಾಸ್ ವಾಲ್ವ್. ಆಯಿಲ್ ಮಂದವಾಗಿದ್ದಾಗ ಅಥವಾ ಫಿಲ್ಟರ್ ಕಟ್ಟಿಕೊಂಡಾಗ ಒಳಗಿನ ಸೋಸುವ ಪೇಪರ್ ಮೂಲಕ ಸಾಕಷ್ಟು ಆಯಿಲ್ ಹೋಗಲ್ಲ. ಆಗ ಆಯಿಲ್ಲೇ ಇಲ್ಲದೆ ಬೇರಿಂಗ್ ಒಣಗುವುದಕ್ಕಿಂತ ಸೋಸದ ಆಯಿಲ್ ಆದರೂ ಹೋಗಲಿ ಅಂತ ಈ ವಾಲ್ವ್ ತೆರೆದುಕೊಳ್ಳುತ್ತೆ. ಪೇಪರಿನ ಆಚೆ ಈಚೆ ಇರುವ ಪ್ರೆಷರ್ ವ್ಯತ್ಯಾಸ ಸಾಮಾನ್ಯವಾಗಿ 0.5 ರಿಂದ 1.5 ಬಾರ್ ಒಳಗೆ ಎಲ್ಲೋ ಒಂದು ಕಡೆ ಮುಟ್ಟಿದಾಗ ಅದು ತೆರೆಯಬೇಕು. ಎಲ್ಲಿ ಅನ್ನೋದು ಎಂಜಿನ್ನಿಂದ ಎಂಜಿನ್ನಿಗೆ ಬೇರೆ. ಸ್ಪ್ರಿಂಗ್ ಸಡಿಲ ಇದ್ದರೆ ಬಾಗಿಲು ಸದಾ ತೆರೆದೇ ಇರುತ್ತೆ, ಕೊಳಕು ಆಯಿಲ್ ಆರಾಮಾಗಿ ಸುತ್ತು ಹೊಡೆಯುತ್ತೆ, ಫಿಲ್ಟರ್ ಹಾಕಿಯೂ ಹಾಕದ ಹಾಗೆ. ತೀರಾ ಬಿಗಿ ಇದ್ದರೆ ಒತ್ತಡ ತಡೆಯಲಾರದೆ ಪೇಪರ್ ಹರಿಯುತ್ತೆ, ನಡುವಿನ ತೂತಿನ ಕೊಳವೆ ನಜ್ಜುಗುಜ್ಜಾಗುತ್ತೆ.

ಇದರ ಜೊತೆಗೆ ಇನ್ನೊಂದು ತರಲೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ಇರೋದು ಫಿಲ್ಟರಲ್ಲಿ ಅಲ್ಲ, ಬ್ಲಾಕಿನಲ್ಲಿ ಅಥವಾ ಫಿಲ್ಟರ್ ಕೂರುವ ಹೌಸಿಂಗಿನಲ್ಲಿ. ಅಂಥ ಎಂಜಿನ್ನಿಗೆಂದು ಮಾಡಿದ ವಾಲ್ವ್ ಇಲ್ಲದ ಫಿಲ್ಟರನ್ನ, ವಾಲ್ವ್ ಬೇಕಾದ ಎಂಜಿನ್ನಿಗೆ ಹಾಕಿದರೆ? ಥ್ರೆಡ್ ಸರಿ, ಗ್ಯಾಸ್ಕೆಟ್ ಸರಿ, ಅಚ್ಚುಕಟ್ಟಾಗಿ ಕೂರುತ್ತೆ, ಒಂದು ಹನಿ ಸೋರಲ್ಲ. ಚಳಿಯಲ್ಲಿ ಒಂದು ದಿನ ಪೇಪರ್ ಕುಸಿದ ಮೇಲೆ ಬೇರಿಂಗಿಗೆ ಹೋಗೋದು ಆಯಿಲ್ ಅಲ್ಲ, ಪೇಪರ್ ಚೂರು. "ಇದರ ಬದಲಿಗೆ ಇದು" ಅನ್ನುವ ಪಟ್ಟಿಗಳಲ್ಲಿ ಎಷ್ಟೋ ಸಲ ಹೊಂದಿಸಿರೋದು ಥ್ರೆಡ್ಡು, ಗ್ಯಾಸ್ಕೆಟ್ಟು ಎರಡನ್ನೇ. ಬೈಪಾಸ್ ಕಾಲಂ ಇರೋದೇ ಇಲ್ಲ. ಹಳೇ ಪಾರ್ಟ್ ನಂಬರ್ ನಿಲ್ಲಿಸಿ, ಮೂರು ನಾಲ್ಕು ಎಂಜಿನ್ನಿಗೆ ಸೇರಿಸಿ ಒಂದೇ ಹೊಸ ನಂಬರ್ ಕೊಟ್ಟಾಗಲೂ ಇದೇ ಪಾಡು. ಸರ್ವೀಸ್ ಮ್ಯಾನ್ಯುಯಲ್‌ನ ಲೂಬ್ರಿಕೇಶನ್ ಅಧ್ಯಾಯದಲ್ಲಿ ಬೈಪಾಸ್ ಎಲ್ಲಿದೆ ಅಂತ ಚಿತ್ರ ಇರುತ್ತೆ, ಅದನ್ನ ನೋಡಿ. ಫಿಲ್ಟರಿನ ಪ್ರೆಷರ್ ಅಂಕಿ ಬೇಕಾದರೆ ತಯಾರಕರ ತಾಂತ್ರಿಕ ಕ್ಯಾಟಲಾಗಿನಲ್ಲಿ ಹುಡುಕಿ. ಅಲ್ಲೂ ಅದು ಇಲ್ಲದಿದ್ದರೆ ಹಳೇ ಎಂಜಿನ್ನಿಗೆ ಆ ಕಂಪನಿಯ ಸಹವಾಸವೇ ಬೇಡ.

ಆಮೇಲೆ ಆ ರಬ್ಬರ್ ಲಂಗ. ಫಿಲ್ಟರ್ ಬಾಯಿ ನೋಡಿದರೆ ಸುತ್ತಲೂ ಇರುವ ಸಣ್ಣ ತೂತುಗಳಿಂದ ಆಯಿಲ್ ಒಳಗೆ ಬರುತ್ತೆ, ನಡುವಿನ ಥ್ರೆಡ್ ಇರುವ ತೂತಿನಿಂದ ಹೊರಗೆ ಹೋಗುತ್ತೆ. ಸಣ್ಣ ತೂತುಗಳ ಹಿಂದೆ ಅಂಟಿಕೊಂಡಿರುವ ರಬ್ಬರ್ ಹಾಳೆಯೇ ಆಂಟಿ ಡ್ರೈನ್ ಬ್ಯಾಕ್ ವಾಲ್ವ್. ಎಂಜಿನ್ ನಿಂತಾಗ ಆಯಿಲ್ ವಾಪಸ್ ಸಂಪಿಗೆ ಇಳಿಯದ ಹಾಗೆ ತಡೆಯೋದು ಇದರ ಕೆಲಸ. ಅಗ್ಗದ್ದರಲ್ಲಿ ನೈಟ್ರೈಲ್ ರಬ್ಬರ್ ಇರುತ್ತೆ, ಬಿಸಿಗೆ ಒಣಗಿ ಗಟ್ಟಿಯಾಗಿ ಸೊಟ್ಟಗಾಗುತ್ತೆ. ಸಿಲಿಕೋನ್ ಆದರೆ ಕೊನೆತನಕ ಮೆತ್ತಗಿರುತ್ತೆ. ಸಿಲಿಕೋನ್ ಎಷ್ಟೋ ಸಲ ಕಿತ್ತಳೆ ಅಥವಾ ಕೆಂಪು ಬಣ್ಣದ್ದು, ಆದರೆ ಬಣ್ಣವನ್ನೇ ನಂಬಬೇಡಿ. ಸಣ್ಣ ತೂತಿನಲ್ಲಿ ಬೆಂಕಿಕಡ್ಡಿಯ ಮೊಂಡು ತುದಿಯಿಂದ ಮೆಲ್ಲಗೆ ಒತ್ತಿ. ಸರಾಗವಾಗಿ ಬಾಗಿ, ಬಿಟ್ಟ ತಕ್ಷಣ ವಾಪಸ್ ಬಂದು ತಟ್ಟೆಗೆ ಅಂಟಬೇಕು.

ಈ ರಬ್ಬರ್ ಕೆಟ್ಟರೆ ಪ್ರತಿದಿನ ಬೆಳಗ್ಗೆ ಸ್ಟಾರ್ಟ್ ಆದ ಕೂಡಲೇ ಮೂರು ನಾಲ್ಕು ಸೆಕೆಂಡ್ ಆಯಿಲ್ ಲ್ಯಾಂಪ್ ಆರಲ್ಲ, ಎಂಜಿನ್ ತಲೆಯಲ್ಲಿ ಟಕಟಕಟಕ. ಮೊದಲೇ ಸವೆದು ಭಾಗಗಳ ನಡುವಿನ ಕ್ಲಿಯರೆನ್ಸ್ ಜಾಸ್ತಿಯಾದ ಎಂಜಿನ್ನಿಗೆ ಇದು ಗಾಯದ ಮೇಲೆ ಬರೆ. ಗ್ಯಾರೇಜಲ್ಲಿ ಹೇಳೋದೇನು? "ಟ್ಯಾಪೆಟ್ ಹೋಗಿದೆ ಸರ್, ಆಯಿಲ್ ಪಂಪ್ ವೀಕು, ದಪ್ಪ ಆಯಿಲ್ ಹಾಕೋಣ." ಎಂಜಿನ್ ತಲೆ ಬಿಚ್ಚುವ ಮುಂಚೆ ಒಂದು ನಿಮಿಷ ತಾಳ್ರೀ. ಫಿಲ್ಟರ್ ಅಡ್ಡಡ್ಡ ಅಥವಾ ಬಾಯಿ ಕೆಳಗೆ ಮಾಡಿ ಕೂತಿದ್ದರೆ, ರಾತ್ರಿಯೆಲ್ಲ ನಿಂತ ಗಾಡಿಯಿಂದ ಅದನ್ನ ಬಿಚ್ಚಿ ಅಲ್ಲಾಡಿಸಿ. ಒಳಗೆ ಆಯಿಲ್ಲೇ ಇಲ್ಲದೆ ಹಗುರವಾಗಿದ್ದರೆ ಕಳ್ಳ ಅಲ್ಲೇ ಸಿಕ್ಕ. ಬಾಯಿ ಮೇಲಕ್ಕಿದ್ದು ಡಬ್ಬಿ ಕೆಳಗೆ ನೇತಾಡುವ ಎಂಜಿನ್ ನಿಮ್ಮದಾದರೆ ಆಯಿಲ್ ತಾನಾಗೇ ಅಲ್ಲೇ ನಿಲ್ಲುತ್ತೆ, ಸಿಲಿಕೋನ್‌ಗೆ ಅಂತ ಜಾಸ್ತಿ ಕಾಸು ಸುರಿಯಬೇಡಿ.

ಅಗ್ಗದ ಫಿಲ್ಟರ್ ಒಂದನ್ನ ಕತ್ತರಿಸಿ ನೋಡಿದರೆ ಈ ಸಿಟ್ಟು ಯಾಕೆ ಅಂತ ಅರ್ಥ ಆಗುತ್ತೆ. (ಗರಗಸ ಬೇಡ, ಅದರ ಕಬ್ಬಿಣದ ಪುಡಿ ಒಳಗೆ ಬಿದ್ದು ಏನೂ ಗೊತ್ತಾಗಲ್ಲ. ಫಿಲ್ಟರ್ ಕಟರ್ ಅಂತಲೇ ಸಿಗುತ್ತೆ.) ಪೇಪರಿನ ಮಡಿಕೆಗಳು ಒಂದು ಕಡೆ ಗುಂಪುಗೂಡಿ, ಇನ್ನೊಂದು ಕಡೆ ಬೆರಳು ತೂರುವಷ್ಟು ಖಾಲಿ. ಎರಡು ತುದಿ ಸೇರುವ ಕಡೆ ಅಂಟು ಅರ್ಧಕ್ಕೇ ನಿಂತಿದೆ, ಬೆಳಕಿಗೆ ಹಿಡಿದರೆ ಗೆರೆಯಂತೆ ಬೆಳಕು ಕಾಣುತ್ತೆ. ಆ ಸಂದಿನಲ್ಲಿ ಹೋಗುವ ಆಯಿಲ್‌ಗೆ ಮೈಕ್ರಾನ್ ಲೆಕ್ಕ ಎಲ್ಲಿಯದು? ತುದಿಯ ಬಿಲ್ಲೆ ರಟ್ಟಿನದ್ದು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಅಂಟು ಗಟ್ಟಿ ಇದ್ದರೆ ರಟ್ಟೂ ಬಾಳಿಕೆ ಬರುತ್ತೆ. ಅದನ್ನ ಹೀಯಾಳಿಸುವವರು ಸುಮ್ಮನೆ ಹೀಯಾಳಿಸುತ್ತಾರೆ. ಆದರೆ ಒಳಗಿನ ಸ್ಪ್ರಿಂಗ್ ಸತ್ತು, ಡಬ್ಬಿ ಅಲ್ಲಾಡಿಸಿದರೆ ಎಲಿಮೆಂಟ್ (ಒಳಗಿನ ಮಡಿಚಿದ ಪೇಪರ್ ಭಾಗ) ಗಿಲಕಿಯ ಹಾಗೆ ಸದ್ದು ಮಾಡಿದರೆ ಅದನ್ನ ಕೌಂಟರ್ ಮೇಲೇ ಬಿಟ್ಟು ಬನ್ನಿ.

ಎಲ್ಲಕ್ಕಿಂತ ಮೈ ಉರಿಯೋದು ಥ್ರೆಡ್ ಕೊರೆದ ಜಾಗದ ಕಬ್ಬಿಣದ ಸಿಂಬೆ. ಸಣ್ಣ ಕೂದಲಿನಂಥ ಲೋಹದ ಎಳೆಗಳು ನಡುವಿನ ತೂತಿನ ಅಂಚಿನಲ್ಲಿ ಹಾಗೇ ನೇತಾಡುತ್ತಿರುತ್ತವೆ. ನಡುವಿನ ತೂತು ಅಂದರೆ ಸೋಸಿದ ಆಯಿಲ್ ಹೊರಡುವ ದಾರಿ, ಅದಾದ ಮೇಲೆ ತಡೆಯೋಕೆ ಏನೂ ಇಲ್ಲ, ನೇರ ಬೇರಿಂಗಿಗೆ. ಕಸ ಹಿಡಿಯಲಿ ಅಂತ ತಂದ ಡಬ್ಬಿಯೇ ಕಬ್ಬಿಣ ತಿನ್ನಿಸಿದರೆ ಯಾರಿಗೆ ಹೇಳೋದು? ಕೊಳ್ಳುವ ಮುಂಚೆ ಟಾರ್ಚ್ ಬಿಟ್ಟು ನೋಡಿ, ಬಟ್ಟೆ ಸುತ್ತಿದ ಬೆರಳು ಒಳಗೆ ತಿರುಗಿಸಿ. ಎಳೆ ಸಿಕ್ಕರೆ ಬೇಡ.

ಮೈಕ್ರಾನ್ ಜಂಬ ಇನ್ನೊಂದು. "20 ಮೈಕ್ರಾನ್" ಅಂತಷ್ಟೇ ಬರೆದರೆ ಅದಕ್ಕೆ ಅರ್ಥವೇ ಇಲ್ಲ. 20 ಮೈಕ್ರಾನಿನ 100 ಕಣ ಬಂದರೆ ಎಷ್ಟು ಹಿಡಿಯುತ್ತೆ? 50 ಹಿಡಿಯುವುದನ್ನೂ 20 ಮೈಕ್ರಾನ್ ಅಂತಾರೆ, 99 ಹಿಡಿಯುವುದನ್ನೂ ಹಾಗೇ ಅಂತಾರೆ. ಐಎಸ್‌ಒ 4548-12 ಪರೀಕ್ಷೆಯ ಹೆಸರು, ಪಕ್ಕದಲ್ಲಿ ಪರ್ಸೆಂಟು, ಪಕ್ಕದಲ್ಲಿ ಮೈಕ್ರಾನು, ಮೂರೂ ಒಟ್ಟಿಗೆ ಇದ್ದರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಹಾಗಂತ ಅತಿ ಸಣ್ಣ ಕಣವನ್ನೂ ಹಿಡಿಯುವ ಫಿಲ್ಟರೇ ಹಳೇ ಎಂಜಿನ್ನಿಗೆ ಬೇಕು ಅಂತಲ್ಲ. ಒಳಗೆ ವರ್ಷಗಳ ಮಡ್ಡಿ ಇರುವ ಎಂಜಿನ್ನಿಗೆ ಡಿಟರ್ಜೆಂಟ್ ಜಾಸ್ತಿ ಇರುವ ಹೊಸ ಆಯಿಲ್ ಹಾಕಿದರೆ ಮಡ್ಡಿ ಎದ್ದು ಬಂದು ಅಂಥ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತೆ. ಇಂಥ ಎಂಜಿನ್ನಿಗೆ ಸಾಧಾರಣ ಪೇಪರ್ ಫಿಲ್ಟರನ್ನೇ ಹಾಕಿ, ಅರ್ಧ ಅವಧಿಗೇ ಬದಲಾಯಿಸೋದು ಜಾಣತನ.

ಡಬ್ಬಿಯಲ್ಲ, ಬಟ್ಟಲಿನೊಳಗೆ ಎಲಿಮೆಂಟ್ ಮಾತ್ರ ಹಾಕುವ ಇನ್ನೂ ಹಳೇ ಎಂಜಿನ್‌ಗಳ ಗೋಳು ಬೇರೆ. ಬಟ್ಟಲು ಕೂರುವ ಜಾಗದ ರಿಂಗಿನ ತೋಡಿನಲ್ಲಿ ಹಳೇ ರಬ್ಬರ್ ಕಪ್ಪಾಗಿ ಲೋಹದ ಹಾಗೇ ಕಾಣುತ್ತೆ, ಅದರ ಮೇಲೇ ಹೊಸದನ್ನ ಹಾಕಿ ಬೋಲ್ಟ್ ಬಿಗಿದರೆ ಸೋರದೆ ಏನು ಮಾಡುತ್ತೆ? ದಬ್ಬಣದಿಂದ ಕೆದಕಿ ನೋಡಲೇಬೇಕು. ಎಲಿಮೆಂಟಿನ ಕೆಳಗೆ ಒಂದು ಸ್ಪ್ರಿಂಗ್, ಒಂದು ತಗಡಿನ ವಾಷರ್, ಒಂದು ಸಣ್ಣ ಸೀಲ್ ಇರುತ್ತೆ. ಅವಸರದಲ್ಲಿ ಆ ವಾಷರು ಹಳೇ ಎಲಿಮೆಂಟಿಗೆ ಅಂಟಿಕೊಂಡೇ ಕಸದ ಬುಟ್ಟಿ ಸೇರುತ್ತೆ. ಆಮೇಲೆ ಎಷ್ಟು ಒಳ್ಳೇ ಎಲಿಮೆಂಟ್ ಹಾಕಿದರೂ ಆಯಿಲ್ ಅದರ ಪಕ್ಕದಿಂದ ನುಸುಳಿ ಹೋಗುತ್ತೆ.

"ಒರಿಜಿನಲ್ ಹಳೇ ಸ್ಟಾಕ್ ಸರ್" ಅಂತ ಧೂಳು ಒರೆಸಿ ಕೊಡುವವರೂ ಇದ್ದಾರೆ. ರಬ್ಬರಿಗೆ ಉಗುರು ಒತ್ತಿ. ಕಲ್ಲಿನ ಹಾಗಿದ್ದರೆ, ಬಿರುಕಿದ್ದರೆ, ಒಳಗೆ ತುಕ್ಕಿನ ಚುಕ್ಕೆ ಕಂಡರೆ ಒರಿಜಿನಲ್ ಆದರೂ ಅದು ಗುಜರಿಯೇ.

ಇಷ್ಟೆಲ್ಲ ಆರಿಸಿ ತಂದ ಫಿಲ್ಟರನ್ನ ಕೊನೆಗೆ ಬೆಲ್ಟ್ ಪಾನಾ ಹಾಕಿ ಕುತ್ತಿಗೆ ಹಿಸುಕಿದ ಹಾಗೆ ಬಿಗಿಯುತ್ತಾರಲ್ಲ, ಅವರಿಗೊಂದು ದೊಡ್ಡ ನಮಸ್ಕಾರ. ಮುಂದಿನ ಸಲ ಬಿಚ್ಚೋಕೆ ಆಗದೆ ಸ್ಕ್ರೂಡ್ರೈವರ್ ಚುಚ್ಚಿ, ಡಬ್ಬಿ ಹರಿದು, ತಳದ ತಟ್ಟೆ ಮಾತ್ರ ಬ್ಲಾಕಿನಲ್ಲೇ ಉಳಿಯೋದು ಇದೇ ಕಾರಣಕ್ಕೆ. ಹಳೇ ರಬ್ಬರ್ ಫಿಲ್ಟರ್ ಜೊತೆ ಬಂದಿದೆಯಾ, ಬ್ಲಾಕಿಗೆ ಅಂಟಿಕೊಂಡಿದೆಯಾ ಅಂತ ಬೆರಳಾಡಿಸಿ ನೋಡಿ. ಎರಡು ರಬ್ಬರ್ ಒಂದರ ಮೇಲೊಂದು ಕೂತರೆ ಪ್ರೆಷರ್ ಬಂದಾಗ ಪಿಚಕಾರಿಯೇ. ಸ್ಟಡ್ಡೇ ಫಿಲ್ಟರ್ ಜೊತೆ ಕಿತ್ತು ಬಂದಿದೆಯಾ ಅಂತಲೂ ನೋಡಿ. ಸೀಟ್ ಒರೆಸಿ, ಹೊಸ ರಬ್ಬರಿಗೆ ಹೊಸ ಆಯಿಲ್ ಸವರಿ, ಬಾಯಿ ಮೇಲಿರುವ ಜಾಗವಾದರೆ ಒಳಗೂ ತುಂಬಿಸಿ. ಕೈಯಲ್ಲಿ ತಿರುಗಿಸುತ್ತಾ ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು, ಡಬ್ಬಿ ಮೇಲೆ ಬೇರೆ ಏನಾದರೂ ಬರೆದಿದ್ದರೆ ಅಷ್ಟು. ಸ್ಟಾರ್ಟ್ ಮಾಡಿ ಲ್ಯಾಂಪ್ ಆರುವ ತನಕ ಆಕ್ಸಿಲರೇಟರ್ ಮುಟ್ಟಬೇಡಿ, ಒಂದೆರಡು ನಿಮಿಷ ಓಡಿಸಿ ಸುತ್ತ ಬೆರಳಿಟ್ಟು ನೋಡಿ. ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ. ಹೊಸ ಡಬ್ಬಿ ಕುಡಿದಷ್ಟು ಆಯಿಲ್ ಗೆರೆಯಿಂದ ಕೆಳಗಿಳಿದಿರುತ್ತೆ, ಅದನ್ನ ತುಂಬಿಸಿ.