ನೀರಿನ ಟಿಡಿಎಸ್ 60 ಬಂತಂತೆ. ಸರಿ, ಆಮೇಲೆ?

ಹೋದ ಭಾನುವಾರ ಮನೆಗೆ ವಾಟರ್ ಫಿಲ್ಟರ್ ಮಾರುವ ಹುಡುಗ ಬಂದಿದ್ದ. ಕೊಪ್ಪಳದ ಬಿಸಿಲು, ಪಾಪ, ಬೆವರು ಸುರೀತಿತ್ತು. ಒಳಗೆ ಕರೆದು ನಮ್ಮ ನಲ್ಲಿ ನೀರನ್ನೇ ಒಂದು ಚೊಂಬು ಕೊಟ್ಟೆ. ಗಟಗಟ ಕುಡಿದ. ಆಮೇಲೆ ಅದೇ ನೀರಿಗೆ ಎರಡು ಕಡ್ಡಿ ಇಳಿಬಿಟ್ಟು ಕರೆಂಟ್ ಹಾಕಿದ, ನೋಡನೋಡುತ್ತಾ ನೀರೆಲ್ಲ ಕಂದು ಬಣ್ಣದ ಗಸಿ ಆಯಿತು. "ನೋಡ್ರಿ ಸರ, ಇದನ್ನ ಕುಡಿಯಾಕತ್ತೀರಿ ನೀವು" ಅಂದ. ನೀನೂ ಈಗಷ್ಟೇ ಕುಡಿದೆಯಲ್ಲಪ್ಪಾ ಅನ್ನೋಣ ಅನ್ನಿಸಿತು, ಸುಮ್ನಾದೆ. ಆ ಬಣ್ಣ ನೀರಿನದಲ್ಲ, ಕಡ್ಡಿಯ ಕಬ್ಬಿಣದ್ದು. ನೀರಲ್ಲಿ ಉಪ್ಪಿನಂಶ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗುತ್ತದೆ. ಆರ್‌ಒ ಫಿಲ್ಟರಿನ ನೀರಲ್ಲಿ ಉಪ್ಪು ಕಡಿಮೆ, ಅದಕ್ಕೇ ಅದು ತಿಳಿಯಾಗೇ ಇರುತ್ತದೆ. ಅಷ್ಟೇ ಜಾದೂ.

ಕೊನೆಗೆ ನೀರಲ್ಲಿ ಕರಗಿದ ಉಪ್ಪು, ಖನಿಜ ಎಷ್ಟಿದೆ ಅಂತ ತೋರಿಸೋ ಟಿಡಿಎಸ್ ಮೀಟರ್ ತೆಗೆದು ತನ್ನ ಬಾಟಲಿಯ ನೀರಿಗೆ 60 ತೋರಿಸಿದ. "60 ಅಂದ್ರ ಒಂದು ವಿಷಾನೂ ಇಲ್ಲ ಸರ." ನನಗೆ ತಲೆ ಕೆಟ್ಟಿದ್ದು ಈ ಮಾತಿಗೆ.

ಯಾಕಂದ್ರೆ ಅದೇ ವಾರ ನಮ್ಮ ವಾಟ್ಸಾಪ್ ಗುಂಪಲ್ಲಿ ಕುಡಿಯೋ ನೀರಲ್ಲಿ 'ಶಾಶ್ವತ ಕೆಮಿಕಲ್' ಇದೆ ಅನ್ನೋ ಫಾರ್ವರ್ಡ್ ಓಡಾಡುತ್ತಿತ್ತು. 2025ರ ಫೆಬ್ರವರಿಯಲ್ಲಿ ಊರ ಪಕ್ಕದ ಕಾರ್ಖಾನೆ ವಿರುದ್ಧ ಗವಿಮಠದ ಸ್ವಾಮೀಜಿಯವರೇ ಬೀದಿಗಿಳಿದ ಮೇಲೆ ನಮ್ಮೂರಲ್ಲಿ ಗಾಳಿ, ನೀರು, ಬೂದಿ ಅಂದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಒಳ್ಳೇದೇ. ಆದರೆ ಗುಂಪಲ್ಲಿ ಅರ್ಧ ಜನ "ಎಲ್ಲರಿಗೂ ಕ್ಯಾನ್ಸರ್ ಗ್ಯಾರಂಟಿ" ಅಂತಾರೆ, ಇನ್ನರ್ಧ "ನಮ್ಮನೇಲಿ ಆರ್‌ಒ ಐತಿ, ಟಿಡಿಎಸ್ ನೋಡೀವಿ" ಅಂತಾರೆ. ಎರಡೂ ಕಡೆಯವರು ಒಂದು ಸಲವೂ ನೀರಲ್ಲಿ ಅದು ಎಷ್ಟಿದೆ ಅಂತ ಕೇಳಲಿಲ್ಲ. ನನ್ನ ತಕರಾರು ಅದೊಂದೇ.

ಆ ಕೆಮಿಕಲ್‌ಗಳ ಗುಂಪಿನ ಹೆಸರು ಪಿಎಫ್ಎಎಸ್. ಸಾವಿರಾರು ಇವೆ. ಅಂಟದ (ನಾನ್‌ಸ್ಟಿಕ್) ಹೆಂಚು, ನೀರು ಹೀರದ ಬಟ್ಟೆ, ಎಣ್ಣೆ ಬೆಂಕಿ ಆರಿಸುವ ನೊರೆ, ಕ್ರೋಮ್ ಪ್ಲೇಟಿಂಗ್, ಹೀಗೆ ಬಳಕೆ. ಕಾರ್ಬನ್ನಿಗೂ ಫ್ಲೋರಿನ್ನಿಗೂ ಬಿದ್ದ ಗಂಟು ಎಷ್ಟು ಗಟ್ಟಿ ಅಂದ್ರೆ ಬಿಸಿಲು, ಮಳೆ, ಮಣ್ಣಿನ ಹುಳ ಯಾವುದಕ್ಕೂ ಬಿಚ್ಚಿಕೊಳ್ಳಲ್ಲ. ಕುದಿಸಿದರೂ ಹೋಗಲ್ಲ. ನೀರು ಆವಿಯಾಗಿ ಇದು ಉಳಿಯೋದರಿಂದ ಕುದಿಸಿದಷ್ಟೂ ಉಳಿದ ನೀರಲ್ಲಿ ಇದರ ಪ್ರಮಾಣ ಸ್ವಲ್ಪ ಜಾಸ್ತಿಯೇ ಆಗುತ್ತದೆ. (ನಮ್ಮ ಕುಷ್ಟಗಿ, ಯಲಬುರ್ಗಾ ಕಡೆಯ ಫ್ಲೋರೈಡ್ ಬೇರೆ, ಇದು ಬೇರೆ. ಹೆಸರು ಒಂದೇ ಥರ ಕೇಳುತ್ತದೆ ಅಂತ ಕಲೆಸಿಕೊಳ್ಳಬೇಡಿ.)

ಎಷ್ಟು ಅನ್ನೋ ಪ್ರಶ್ನೆಗೆ ಬರೋಣ. ಅಮೆರಿಕ 2024ರಲ್ಲಿ ಈ ಗುಂಪಿನ ಪಿಎಫ್ಒಎ, ಪಿಎಫ್ಒಎಸ್ ಅನ್ನೋ ಎರಡಕ್ಕೆ ಕುಡಿಯೋ ನೀರಲ್ಲಿ ಲೀಟರಿಗೆ 4 ನ್ಯಾನೋಗ್ರಾಂ ಅಂತ ಮಿತಿ ಹಾಕಿತು, ಒಂದೊಂದಕ್ಕೂ 4. ನ್ಯಾನೋಗ್ರಾಂ ಅಂದರೆ ತಲೆಗೆ ಹತ್ತಲ್ಲ, ಅದಕ್ಕೆ ನಾನೇ ಕೂತು ಲೆಕ್ಕ ಹಾಕಿದೆ. ನಮ್ಮ ತುಂಗಭದ್ರಾ ಡ್ಯಾಮು ತುಂಬಿದರೆ ಸುಮಾರು 105 ಟಿಎಂಸಿ. ಒಂದು ಟಿಎಂಸಿ ಅಂದರೆ 2,830 ಕೋಟಿ ಲೀಟರ್. ಆ ತುಂಬಿದ ಡ್ಯಾಮಿಗೆ ಬರೀ 12 ಕಿಲೋ ಸುರಿದು ಚೆನ್ನಾಗಿ ಕಲಸಿದರೆ ಇಡೀ ನೀರು ಆ ಮಿತಿ ಮುಟ್ಟುತ್ತದೆ. ಗಂಗಾವತಿಯ 25 ಕಿಲೋ ಅಕ್ಕಿ ಚೀಲದಲ್ಲಿ ಅರ್ಧಕ್ಕಿಂತ ಕಡಿಮೆ! ಎರಡು ಸಲ ಲೆಕ್ಕ ಮಾಡಿದೆ, ಅಷ್ಟೇ ಬಂತು.

ಈಗ ಆ ಮೀಟರ್. 60 ಅಂದರೆ ಲೀಟರಿಗೆ 60 ಮಿಲಿಗ್ರಾಂ, ಅಂದರೆ 6 ಕೋಟಿ ನ್ಯಾನೋಗ್ರಾಂ. ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ ಮೀಟರ್ ಉಪ್ಪಿನ ಅಂದಾಜು ಹೇಳುತ್ತದೆ. 6 ಕೋಟಿಯಲ್ಲಿ 4 ಜಾಸ್ತಿಯೋ ಕಡಿಮೆಯೋ ಅದಕ್ಕೆ ಹೇಗೆ ಗೊತ್ತಾಗಬೇಕು? ಎಪಿಎಂಸಿ ತೂಕದ ಕಟ್ಟೆ ಮೇಲೆ ಲಾರಿ ನಿಲ್ಲಿಸಿ, ಲಾರಿಯಲ್ಲಿ ಸೊಳ್ಳೆ ಕೂತಿದೆಯಾ ಅಂತ ನೋಡಿದ ಹಾಗೆ. ಆರ್‌ಒ ಪೊರೆ ಈ ಕೆಮಿಕಲ್ಲನ್ನ ಬಹುಪಾಲು ತಡೆಯುತ್ತದೆ, ಅದು ನಿಜ, ಯಂತ್ರವನ್ನ ನಾನು ಬೈಯುತ್ತಿಲ್ಲ. ಆದರೆ ತಡೆದಿದ್ದು ವೇಸ್ಟ್ ಪೈಪಲ್ಲಿ ಮೋರಿ ಸೇರುತ್ತದೆ, ನಾಶ ಆಗಲ್ಲ.

ಹೆದರಿಸುವವರಿಗೂ ಒಂದು ಮಾತಿದೆ. ಪಿಎಫ್ಒಎ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2023ರ ಕೊನೆಗೆ ಅದನ್ನ ಮೊದಲ ಗುಂಪಿಗೆ ಹಾಕಿದ್ದು ಹೌದು. ಆದರೆ ಆ ಗುಂಪಲ್ಲಿ ಇದೆ ಅಂದರೆ ಸಾಕ್ಷಿ ಗಟ್ಟಿ ಅಂತ ಅರ್ಥ, ಎಷ್ಟು ಜನಕ್ಕೆ ಬರುತ್ತದೆ ಅಂತಲ್ಲ. ಹೆಂಡ, ತಂಬಾಕು, ಅಡಿಕೆ ಎಲ್ಲ ಅದೇ ಗುಂಪಲ್ಲಿವೆ. ಫಾರ್ವರ್ಡ್ ಕಳಿಸಿದ ನಮ್ಮ ಗೆಳೆಯನ ಬಾಯಲ್ಲಿ ಬೆಳಗ್ಗೆಯಿಂದ ಗುಟ್ಕಾ ಇರುತ್ತದೆ. ಹೇಳಿದ್ದಕ್ಕೆ ಸಿಟ್ಟು ಮಾಡಿಕೊಂಡ.

ಸರಿಯಾದ ಲೆಕ್ಕ ನೋಡಬೇಕು ಅಂದರೆ ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ನೋಡಿ. ಅಲ್ಲಿನ ಡುಪಾಂಟ್ ಕಾರ್ಖಾನೆಯಿಂದ ಪಿಎಫ್ಒಎ ಸುತ್ತಲಿನ ಕುಡಿಯೋ ನೀರಿಗೆ ಸೇರಿತ್ತು. ಜನ ಕೋರ್ಟಿಗೆ ಹೋದರು, ರಾಜಿಯಾಯಿತು, ರಾಜಿಯ ದುಡ್ಡಲ್ಲಿ 2005-06ರಲ್ಲಿ ಸುಮಾರು 69,000 ಜನರ ರಕ್ತ ಪರೀಕ್ಷೆ ಮಾಡಿಸಿದರು. ವರ್ಷಗಟ್ಟಲೆ ನೋಡಿ 2012ರ ಹೊತ್ತಿಗೆ ವಿಜ್ಞಾನಿಗಳು ಆರು ಕಾಯಿಲೆಗೆ ನಂಟಿದೆ ಅಂದರು: ಕಿಡ್ನಿ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್, ಕರುಳಿನ ಹುಣ್ಣು, ಜಾಸ್ತಿ ಕೊಲೆಸ್ಟ್ರಾಲ್, ಬಸುರಿಯರ ಬಿಪಿ. ಸಕ್ಕರೆ ಕಾಯಿಲೆಗೆ, ಪಾರ್ಶ್ವವಾಯುವಿಗೆ ನಂಟು ಕಾಣಲಿಲ್ಲ ಅಂತಲೂ ಹೇಳಿದರು. ನನಗೆ ಈ 'ಇಲ್ಲ' ಬಹಳ ಇಷ್ಟ. ಇಲ್ಲ ಅನ್ನೋದನ್ನೂ ಹೇಳಿದ್ದಕ್ಕೇ ಆ ಆರರ ಮೇಲೆ ನಂಬಿಕೆ ಬರುತ್ತದೆ, ಅಲ್ವಾ?

ಇನ್ನೊಂದು. ಪಿಎಫ್ಒಎ ಮೈಯಿಂದ ಬೇಗ ಹೋಗಲ್ಲ, ಅರ್ಧ ಇಳಿಯೋಕೆ ಎರಡು ಮೂರು ವರ್ಷ ಬೇಕು. ದಿನಾ ಕುಡಿಯೋ ನೀರಲ್ಲಿ ಇದ್ದರೆ ಬ್ಯಾಂಕಿನ ಆರ್‌ಡಿ ಥರ ಜಮೆ ಆಗುತ್ತಾ ರಕ್ತದಲ್ಲಿ ನೀರಿಗಿಂತ ನೂರು ಪಟ್ಟು ಆಗಬಹುದು. ಹಾಗಾಗಿ ಯಾವತ್ತೋ ಒಂದು ಲೋಟ ಕುಡಿದಿದ್ದಕ್ಕೆ ಹೆದರುವುದು ದಂಡ, ಇಪ್ಪತ್ತು ವರ್ಷ ಒಂದೇ ಬೋರಿನ ನೀರು ಕುಡಿದವರ ಬಗ್ಗೆ ಯೋಚನೆ ಮಾಡಬೇಕು. ಅದರಲ್ಲೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಗಳಲ್ಲಿ ಸಾಮಾನ್ಯವಾಗಿ 60 ಕಿಲೋ ಮನುಷ್ಯ ದಿನಕ್ಕೆ 2 ಲೀಟರ್ ಕುಡಿಯುತ್ತಾನೆ ಅಂತ ಹಿಡಿಯುತ್ತಾರೆ. ಏಪ್ರಿಲ್ ತಿಂಗಳಲ್ಲಿ ಸಿಂಧನೂರಿನ ಹೊಲದಲ್ಲಿ ಕೂಲಿ ಮಾಡುವ ಹೆಂಗಸು 2 ಲೀಟರ್ ಕುಡಿದು ಬದುಕುತ್ತಾಳಾ? ಅವಳ ತೂಕ 45 ಕಿಲೋ ಇದ್ದೀತು, ಬೆಳಗ್ಗೆ ಹತ್ತರೊಳಗೇ ಒಂದು ಬಾಟಲಿ ಖಾಲಿ. ಯಾರದೋ ತಣ್ಣನೆ ದೇಶದ ಮಿತಿ ಅವಳಿಗೆ ಹಾಗೇ ಹೊಂದಲ್ಲ.

ಆ ಮಿತಿಯೂ ಕಲ್ಲಿನ ಶಾಸನ ಅಲ್ಲ. ಅದೇ ಅಮೆರಿಕ 2016ರಲ್ಲಿ ಎರಡೂ ಸೇರಿ 70 ನ್ಯಾನೋಗ್ರಾಂ ಇರಬಹುದು ಅಂದಿತ್ತು. ಈಗಿನ 4 ಕೂಡ "ಇಷ್ಟು ಕುಡಿದರೆ ಏನೂ ಆಗಲ್ಲ" ಅಂತ ಇಟ್ಟಿದ್ದಲ್ಲ. ಆರೋಗ್ಯಕ್ಕೆ ಅವರು ಇಟ್ಟ ಗುರಿ ಸೊನ್ನೆ, ಲ್ಯಾಬ್‌ಗಳು ನಂಬಿಕೆಯಿಂದ ಅಳೆಯೋಕೆ ಆಗುವುದು 4, ಅದಕ್ಕೆ 4. ಯುರೋಪಿನವರು 20 ಬಗೆಯದನ್ನ ಕೂಡಿಸಿ 100 ಅಂದಿದ್ದಾರೆ. ನಮ್ಮ ಕುಡಿಯುವ ನೀರಿನ ಮಾನದಂಡ, ಅಂದರೆ ಐಎಸ್ 10500, 2012ರದ್ದು. ಅದರಲ್ಲಿ ಫ್ಲೋರೈಡ್ ಇದೆ, ಆರ್ಸೆನಿಕ್ ಇದೆ, ಸೀಸ ಇದೆ, ಪಿಎಫ್ಎಎಸ್ ಹೆಸರೇ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನ ಯಾರು ಹುಡುಕುತ್ತಾರೆ? ಆಮೇಲೆ ರಿಪೋರ್ಟಲ್ಲಿ "ಎಲ್ಲಾ ಸರಿ ಇದೆ" ಅಂತ ಬರುತ್ತದೆ.

ನನ್ನ ದೊಡ್ಡಮ್ಮ ಯಲಬುರ್ಗಾ ಕಡೆಯವರು. ಅವರ ಹಲ್ಲಿನ ಮೇಲೆ ಫ್ಲೋರೈಡ್‌ನ ಕಂದು ಗೆರೆ ಇವತ್ತಿಗೂ ಇದೆ, ನಕ್ಕರೆ ಸೆರಗು ಅಡ್ಡ ಹಿಡಿಯುತ್ತಾರೆ. ಫ್ಲೋರೈಡ್ ಕನಿಷ್ಠ ಹಲ್ಲಿನ ಮೇಲೆ ಬರೆದು ಹೋಯಿತು, ಅದನ್ನ ನೋಡಿಯಾದರೂ ಊರಿಗೊಂದು ಶುದ್ಧ ನೀರಿನ ಘಟಕ ಬಂತು. ಇದು ಹಾಗೆ ಏನೂ ಬರೆಯಲ್ಲ. ಅಳೆದರೆ ಮಾತ್ರ ಗೊತ್ತು. ಮನೆಮನೆ ಅಳೆಯೋಕೆ ಆಗಲ್ಲ, ಟೆಸ್ಟ್ ದುಬಾರಿ. ಆದರೆ ಜಿಲ್ಲೆಗೆ ಹತ್ತು ಕಡೆ, ಕಾರ್ಖಾನೆಗಳಿಗೆ ಮುಂಚೆ ಹರಿಯುವ ನೀರು ಮತ್ತು ಅವನ್ನ ದಾಟಿ ಹರಿಯುವ ನೀರು, ಎರಡು ಮೂರು ಹಳೇ ಬೋರು, ವರ್ಷಕ್ಕೊಂದು ಸಲ ಅಂದರೆ ಸರ್ಕಾರಕ್ಕೆ ದೊಡ್ಡ ದುಡ್ಡಲ್ಲ. "ಪತ್ತೆಯಾಗಿಲ್ಲ" ಅಂತ ಬರೆದರೆ ಎಷ್ಟರವರೆಗೆ ನೋಡಿ ಪತ್ತೆಯಾಗಿಲ್ಲ ಅನ್ನೋದನ್ನೂ ಪಕ್ಕದಲ್ಲೇ ಬರೆಯಲಿ. 100ಕ್ಕಿಂತ ಕಡಿಮೆ ಇದ್ದರೆ ಕಾಣದ ಯಂತ್ರಕ್ಕೆ 40 ಕಾಣಲ್ಲ.

ನಮ್ಮ ಓಣಿಯ ಘಟಕಕ್ಕೆ ನಿನ್ನೆ ಸಂಜೆ ಹೋಗಿದ್ದೆ. 5 ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು, ಗೋಡೆಗೆ ಅಂಟಿಸಿದ ನೀರಿನ ರಿಪೋರ್ಟ್ ಓದಿದೆ. ಮೂರು ವರ್ಷ ಹಳೇದು, ಸಹಿ ಮಾಸಿದೆ. ಟಿಡಿಎಸ್ ಸಾಲಿಗೆ ಮಾತ್ರ ಯಾರೋ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದಾರೆ. ನಿಮ್ಮೂರಿನ ಘಟಕದಲ್ಲೂ ಅಂಥದ್ದೊಂದು ಇದ್ದರೆ ಫೋಟೋ ತೆಗೆದು ಕಾಮೆಂಟಲ್ಲಿ ಹಾಕಿ, ತಾರೀಖು ಕಾಣಿಸೋ ಹಾಗೆ.