ಗೋಪುರದಿಂದ ಅಳೆದ ಶಾವಿಗೆ

ಇಟಲಿ ಭಾಷೆಯಲ್ಲಿ ‘ತಾಲ್ಯಾರೆ’ ಅಂದರೆ ಕತ್ತರಿಸು. ಅದರಿಂದ ಹುಟ್ಟಿದ ಪದ ‘ತಾಲ್ಯಾತೆಲ್ಲೆ’, ಪಟ್ಟಿ ಪಟ್ಟಿಯಾಗಿರುವ ಒಂದು ಥರದ ಪಾಸ್ತಾ, ಅಂದರೆ ಇಟಲಿಯವರ ಶಾವಿಗೆ. ಕತ್ತರಿಸಿದ್ದು, ಅಷ್ಟೇ. ಹಿಟ್ಟಿಗೆ ಮೊಟ್ಟೆ ಒಡೆದು ಹಾಕಿ ನಾದಿ, ತೆಳ್ಳಗೆ ಲಟ್ಟಿಸಿ, ಸ್ವಲ್ಪ ಆರಲು ಬಿಟ್ಟು, ಚಾಪೆ ಸುತ್ತಿದ ಹಾಗೆ ಸುತ್ತಿ, ಚಾಕುವಿನಲ್ಲಿ ಟಕಟಕ ಕುಯ್ದು ಬೆರಳಿಂದ ಕೊಡವಿದರೆ ಹಳದಿ ಪಟ್ಟಿಗಳು ಬಿಚ್ಚಿಕೊಳ್ಳುತ್ತವೆ. ಈ ಹೆಸರಿನ ಅರ್ಥಕ್ಕೆ ನಿಘಂಟು ಬೇಡ. ಅಡುಗೆಮನೆ ಬಾಗಿಲಲ್ಲಿ ಎರಡು ನಿಮಿಷ ನಿಂತರೆ ಸಾಕು.

ಆದರೆ ಇಷ್ಟು ಸಲೀಸಾದ ಪದವನ್ನು ಹಾಗೇ ಬಿಟ್ಟರೆ ದೊಡ್ಡ ಮನುಷ್ಯರಿಗೆ ಕೆಲಸ ಏನು ಉಳಿಯುತ್ತದೆ ಹೇಳಿ? 1972ರ ಏಪ್ರಿಲ್ 16ರಂದು ಇಟಲಿಯ ಅಡುಗೆ ಅಕಾಡೆಮಿಯವರು (ಹೌದು, ಅಂಥದ್ದೂ ಒಂದಿದೆ) ಬೊಲೊನ್ಯಾ ನಗರದ ವಾಣಿಜ್ಯ ಮಂಡಳಿಗೆ ಹೋಗಿ, ನಾವು ಸೈಟು ರಿಜಿಸ್ಟರ್ ಮಾಡಿಸುವಷ್ಟೇ ಗಂಭೀರವಾಗಿ, ನಿಜವಾದ ತಾಲ್ಯಾತೆಲ್ಲೆಯ ಅಗಲ ಎಷ್ಟು ಅಂತ ನೋಟರಿ ಮೂಲಕ ದಾಖಲೆ ಮಾಡಿಸಿದರು. ಬೆಂದ ಮೇಲೆ 8 ಮಿಲಿಮೀಟರ್. ಸಾಕ್ಷಿಗೆ ಅದೇ ಅಳತೆಯ ಒಂದು ಪಟ್ಟಿಯನ್ನು ಚಿನ್ನದಲ್ಲಿ ಮಾಡಿಸಿ ಅಲ್ಲೇ ಇಟ್ಟರು.

ಬೆಂದ ಮೇಲೆ ಅನ್ನೋದನ್ನ ಗಮನಿಸಿ. ಹಸಿ ಇದ್ದಾಗ ಅಳೆದರೆ ಲೆಕ್ಕಕ್ಕಿಲ್ಲ. ಕುದಿಯುವ ನೀರಿನಿಂದ ಎತ್ತಿದ, ಜಾರುವ, ಬೆರಳು ಸುಡುವ ಪಟ್ಟಿಯನ್ನು ಸ್ಕೇಲಿನ ಪಕ್ಕ ನೇರ ಮಾಡಿ ಹಿಡಿದು ಓದಬೇಕು. ಅಷ್ಟರಲ್ಲಿ ತಟ್ಟೆಯಲ್ಲಿರುವ ಖೀಮಾ ಸಾರು ಆರಿ ತಣ್ಣಗಾಗಿರುತ್ತದೆ, ಅದು ಬೇರೆ ವಿಷಯ.

8 ಮಿಲಿಮೀಟರ್ ಅಂದರೆ ಗತ್ತು ಬರಲಿಲ್ಲ ಅಂತ ಕಾಣುತ್ತದೆ. ಅದಕ್ಕೇ ಊರ ನಡುವೆ ನಿಂತಿರುವ ಆಸಿನೆಲ್ಲಿ ಗೋಪುರವನ್ನೂ ಅಡುಗೆಮನೆಗೆ ಎಳೆದು ತಂದರು. ಆ ಗೋಪುರದ ಎತ್ತರವನ್ನು 12,270 ಭಾಗ ಮಾಡಿ, ಅದರಲ್ಲಿ ಒಂದು ಭಾಗವೇ ಪಟ್ಟಿಯ ಅಗಲವಂತೆ. ನಾನು ಮೊಬೈಲಿನಲ್ಲಿ ಸುಮ್ನೆ ಗುಣಿಸಿ ನೋಡಿದೆ. 12,270 ಪಟ್ಟಿಗಳನ್ನು ಒಂದರ ಪಕ್ಕ ಒಂದು ಇಟ್ಟರೆ 98.16 ಮೀಟರ್ ಆಗುತ್ತದೆ. ಗೋಪುರ ಇರುವುದು 97.2 ಮೀಟರ್. 96 ಸೆಂಟಿಮೀಟರ್ ಜಾಸ್ತಿ! ಈಗ ಪಟ್ಟಿಯನ್ನು ಸಣ್ಣ ಮಾಡಬೇಕೋ, ಗೋಪುರದ ಮೇಲೆ ಒಂದು ಮೋಟುಗೋಡೆ ಏರಿಸಬೇಕೋ? ಇಂಥ ಅನುಮಾನ ಬಂದಾಗ ನೋಡಲಿ ಅಂತಲೇ ಚಿನ್ನದ್ದು ಇಟ್ಟಿರಬೇಕು.

ಅಳತೆಯ ಕತೆ ಹೀಗಾದರೆ ಹುಟ್ಟಿನ ಕತೆ ಇನ್ನೂ ಮಜ. 1487ರಲ್ಲಿ ಲುಕ್ರೇಸಿಯಾ ದೆಸ್ತೆ ಎಂಬ ರಾಜಮನೆತನದ ಹುಡುಗಿ ಬೊಲೊನ್ಯಾದ ಬೆಂತಿವೋಲ್ಯೊ ಮನೆಗೆ ಸೊಸೆಯಾಗಿ ಬಂದಳು, ಅವಳ ಹೊಂಬಣ್ಣದ ಕೂದಲು ನೋಡಿ ಮರುಳಾದ ಜೆಫಿರಾನೊ ಎಂಬ ಅಡುಗೆಭಟ್ಟ ಅದೇ ಥರ ಹಿಟ್ಟನ್ನು ಉದ್ದುದ್ದ ಕುಯ್ದ ಅಂತ ಜನ ಇವತ್ತಿಗೂ ಹೇಳುತ್ತಾರೆ. ಮದುವೆ ನಡೆದದ್ದು ನಿಜ. ಕೂದಲಿನ ಕತೆಯನ್ನು ಕಟ್ಟಿದವನು ಮಾತ್ರ ಅಗುಸ್ತೊ ಮಯಾನಿ ಎಂಬ ಹಾಸ್ಯಗಾರ, ಅದೂ 1931ರಲ್ಲಿ! ಪಾಪ, ಅವನು ತಮಾಷೆ ಮಾಡಿದ, ಊರವರು ಚರಿತ್ರೆ ಅಂದುಕೊಂಡರು. ಊಟದಲ್ಲಿ ಕೂದಲು ಸಿಕ್ಕರೆ ತಟ್ಟೆ ತಳ್ಳುವ ಜನ, ಊಟಕ್ಕೆ ಕೂದಲಿನಿಂದಲೇ ಹುಟ್ಟು ಕೊಟ್ಟು ಹೆಮ್ಮೆ ಪಡುತ್ತಾರೆ ಅಲ್ವಾ?

ಮಿಕ್ಕ ಪಾಸ್ತಾಗಳ ಹೆಸರುಗಳಿಗೆ ಈ ಯೋಗ ಬರಲಿಲ್ಲ. ಸ್ಪಾಗೆಟ್ಟಿ ಅಂದರೆ ಸಣ್ಣ ದಾರ. ಒರೆಕ್ಯೆತ್ತೆ ಅಂದರೆ ಪುಟ್ಟ ಕಿವಿ. ವರ್ಮಿಸೆಲ್ಲಿ ಅಂದರೆ ಪುಟ್ಟ ಹುಳು. ಹೌದು, ನಮ್ಮ ಅಂಗಡಿಯ ಪ್ಯಾಕೆಟ್ ಮೇಲೆ ಇರುತ್ತಲ್ಲ, ಅದೇ. ಶಾವಿಗೆ ಅನ್ನುವ ಒಳ್ಳೆಯ ಪದ ಬಾಯಲ್ಲಿದ್ದೂ ಮದುವೆ ಮೆನುವಿನಲ್ಲಿ ಸ್ಟೈಲಾಗಿರಲಿ ಅಂತ ‘ವರ್ಮಿಸೆಲ್ಲಿ ಪಾಯಸ’ ಅಂತ ಅಚ್ಚು ಹಾಕಿಸಿ, ನೆಂಟರಿಗೆ ಇನ್ನೊಂದು ಸೌಟು ಹುಳುವಿನ ಪಾಯಸ ಬಡಿಸುವವರು ನಾವು. ಹಾಗಾಗಿ ನಾನು ಜಾಸ್ತಿ ನಗುವ ಹಾಗಿಲ್ಲ.

ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಆಸಿನೆಲ್ಲಿಯ ಪಕ್ಕದಲ್ಲೇ ಗರಿಸೆಂದಾ ಅಂತ ಇನ್ನೊಂದು ಗೋಪುರ ಇದೆ. ಎಷ್ಟು ವಾಲಿದೆ ಅಂದರೆ 2023ರ ಅಕ್ಟೋಬರಿನಲ್ಲಿ ಹತ್ತಿರ ಯಾರೂ ಸುಳಿಯದ ಹಾಗೆ ಸುತ್ತ ಬಂದ್ ಮಾಡಿದರು. ಎತ್ತರ ಸುಮಾರು 48 ಮೀಟರ್. ಅದನ್ನು ಸರಿಯಾಗಿ 6,000 ಭಾಗ ಮಾಡಿ ನೋಡಿ, 8 ಮಿಲಿಮೀಟರ್ ಬರುತ್ತದೆ. ಗೋಡೆ ಏರಿಸುವ ಕೆಲಸವೂ ಇಲ್ಲ. ಅದಕ್ಕಿಂತ ಹೆಚ್ಚಿಗೆ, 14ನೇ ಶತಮಾನದಲ್ಲಿ ಬೀಳುವ ಭಯಕ್ಕೆ ಅದರ ತಲೆಯನ್ನೇ ಇಳಿಸಿದ್ದರು. ಕತ್ತರಿಸಿದ್ದು ಅನ್ನುವ ಹೆಸರಿಗೆ ತಕ್ಕ ಗೋಪುರ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದರೂ ಅಕಾಡೆಮಿಯವರು ಎತ್ತರದ್ದಕ್ಕೇ ಟೇಪು ಹಿಡಿದರು.