ಯಾರೂ ಕುಡಿಯದ ಕಾಫಿ

ಧಾರಾವಾಹಿಗಳ ಅತ್ತೆಯಂದಿರು ಇಷ್ಟೊಂದು ಕೆಟ್ಟವರೇಕೆ, ಸೊಸೆಯಂದಿರು ಇಷ್ಟೊಂದು ಒಳ್ಳೆಯವರೇಕೆ ಎಂಬ ತಕರಾರು ನನ್ನದಲ್ಲ. ಕೆಡುಕರಿಲ್ಲದೆ ಕಥೆ ನಡೆಯುವುದಿಲ್ಲವೆಂಬುದು ಮಂಥರೆಯ ಕಾಲದಿಂದಲೂ ಎಲ್ಲರೂ ಒಪ್ಪಿಕೊಂಡು ಬಂದಿರುವ ಸಂಗತಿ. ನನ್ನ ಅಸಮಾಧಾನ ಅದಕ್ಕಿಂತ ಚಿಕ್ಕದು: ಆ ಮನೆಗಳಲ್ಲಿ ಕಾಫಿಯನ್ನು ಯಾರೂ ಕುಡಿಯುವುದಿಲ್ಲ.

ಕಾಫಿ ಬರುವುದೇನೋ ಬರುತ್ತದೆ. ಸೊಸೆ ತಟ್ಟೆಯಲ್ಲಿ ಲೋಟಗಳನ್ನು ಜೋಡಿಸಿಕೊಂಡು ಬಾಗಿಲ ಬಳಿ ಬರುತ್ತಾಳೆ, ಒಳಗೆ ನಡೆಯುತ್ತಿರುವ ಸಂಚಿನ ಮಾತು ಅವಳ ಕಿವಿಗೆ ಬೀಳುತ್ತದೆ, ತಟ್ಟೆ ನೆಲಕ್ಕೆ ಬೀಳುತ್ತದೆ. ಬೀಳದಿದ್ದ ದಿನ ಯಜಮಾನರು ಲೋಟವನ್ನು ಕೈಗೆ ತೆಗೆದುಕೊಂಡು, ತುಟಿಯ ಹತ್ತಿರ ಒಯ್ದು, ಯಾವುದೋ ಮಾತಿಗೆ ಬೆಚ್ಚಿ ಟೀಪಾಯಿಯ ಮೇಲಿಡುತ್ತಾರೆ. ಊಟದ ಮೇಜಿನ ಕಥೆಯೂ ಇದೇ. ಎಂಟು ಜನ ಸಾಲಾಗಿ ಕುಳಿತಿರುತ್ತಾರೆ, ಚಪಾತಿಯ ಒಂದು ತುಣುಕನ್ನು ಮುರಿದು ಪಲ್ಯಕ್ಕೆ ತಾಗಿಸುವಷ್ಟರಲ್ಲಿ ಯಾರೋ ಒಬ್ಬರು ‘ನಿಮಗೆಲ್ಲ ಒಂದು ವಿಷಯ ಹೇಳಬೇಕು’ ಎನ್ನುತ್ತಾರೆ, ಹದಿನಾರೂ ಕೈಗಳು ಇದ್ದಲ್ಲೇ ನಿಂತುಬಿಡುತ್ತವೆ. ಆ ತುಣುಕು ಬಾಯಿಗೆ ಹೋದದ್ದನ್ನು ನಾನಂತೂ ಕಂಡಿಲ್ಲ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ಒಂದು ದೃಶ್ಯವನ್ನು ಬೇರೆ ಬೇರೆ ಕೋನಗಳಿಂದ ತುಂಡು ತುಂಡಾಗಿ ಚಿತ್ರೀಕರಿಸುವಾಗ, ಮೊದಲ ಶಾಟಿನಲ್ಲಿ ಅರ್ಧ ಖಾಲಿಯಾದ ಲೋಟ ಮುಂದಿನ ಶಾಟಿನಲ್ಲಿ ತುಂಬಿರಬಾರದು, ಬಲಗೈಯಲ್ಲಿದ್ದ ತುತ್ತು ಎಡಗೈಗೆ ಹಾರಬಾರದು. ಇದರ ಲೆಕ್ಕ ಇಡಲು ಸಮಯ ಬೇಕು. ದಿನಾ ಪ್ರಸಾರವಾಗುವ ಧಾರಾವಾಹಿಗೆ ಇಲ್ಲದಿರುವುದು ಅದೊಂದೇ. ಗಂಟೆಗೆ ಹನ್ನೆರಡು ನಿಮಿಷದ ಜಾಹೀರಾತಿಗೆ ನಿಯಮ ಅವಕಾಶ ಕೊಟ್ಟಿರುವುದರಿಂದ ಅರ್ಧ ಗಂಟೆಯ ಕಂತಿನಲ್ಲಿ ಕಥೆಯ ಪಾಲಿಗೆ ಉಳಿಯುವುದು ಸುಮಾರು ಇಪ್ಪತ್ತನಾಲ್ಕು ನಿಮಿಷ. ಅದರಲ್ಲೂ ನಿನ್ನೆಯದನ್ನು ನೆನಪಿಸುವ, ನಾಳೆಯದನ್ನು ಇಣುಕಿಸುವ ತುಣುಕುಗಳನ್ನು ಕಳೆಯಬೇಕು. ಹಾಗಿದ್ದರೂ ಪ್ರತಿದಿನ ಅಷ್ಟನ್ನು ತುಂಬಿಸಿಕೊಡುವುದು ಹುಡುಗಾಟವಲ್ಲ. ಆದ್ದರಿಂದ ಕೈಗಳಿಗೆ ಕೆಲಸ ಕೊಡುವುದನ್ನು ನಿಲ್ಲಿಸಿ, ಭಾರವನ್ನೆಲ್ಲ ಮುಖದ ಮೇಲೆ ಹೇರಿಬಿಟ್ಟಿದ್ದಾರೆ. ಒಬ್ಬರು ಒಂದು ಮಾತಾಡಿದರೆ ಸುತ್ತ ನಿಂತ ಏಳು ಜನರ ಮುಖವನ್ನು, ಸಿಡಿಲಿನ ಸದ್ದಿನೊಂದಿಗೆ, ಒಂದೊಂದಾಗಿ ತೋರಿಸಿದರೆ ಅರ್ಧ ನಿಮಿಷ ಸುಖವಾಗಿ ಕಳೆಯುತ್ತದೆ.

ಇದರಿಂದ ನಷ್ಟವಾದದ್ದು ನಟರಿಗೆ. ಹನುಮಂತನಗರದ ಒಂದು ಪುಟ್ಟ ರಂಗಮಂದಿರದಲ್ಲಿ ಕೆಲವು ವರ್ಷಗಳ ಹಿಂದೆ ಒಬ್ಬ ನಟಿ, ಖಾಲಿ ವೇದಿಕೆಯ ಮೇಲೆ ಒಣಗಿದ ಸೀರೆಯೊಂದನ್ನು ಮಡಿಸುತ್ತ ಮಾತಾಡಿದ್ದನ್ನು ನೋಡಿದ್ದೆ. ಅಂಚಿಗೆ ಅಂಚು ಕೂಡಿಸಿ, ಗದ್ದಕ್ಕೆ ಒತ್ತಿ ಹಿಡಿದು, ಸುಕ್ಕನ್ನು ಅಂಗೈಯಿಂದ ತೀಡುತ್ತ ಮಗನ ಮೇಲಿನ ಸಿಟ್ಟನ್ನು ಅವರು ಹೇಳಿಕೊಂಡಾಗ, ದನಿ ಏರದಿದ್ದರೂ, ಸೀರೆಯ ಮಡಿಕೆ ಬಿಗಿಯಾದಂತೆ ಸಿಟ್ಟೂ ಬಿಗಿಯಾದದ್ದು ಕೊನೆಯ ಸಾಲಿನವರಿಗೂ ತಿಳಿಯಿತು. ಅದೇ ನಟಿ ಈಗ ಸಂಜೆಯ ಧಾರಾವಾಹಿಯೊಂದರಲ್ಲಿ ನಾಯಕನ ದೊಡ್ಡಮ್ಮ. ಮದುವೆ ಮಂಟಪದ ಎರಡನೆಯ ಸಾಲಿನಲ್ಲಿ, ರೇಷ್ಮೆ ಸೀರೆಯುಟ್ಟು, ವಾರವಿಡೀ ಬಾಯ ಮೇಲೆ ಕೈಯಿಟ್ಟುಕೊಂಡು ಬೆರಗಾಗುವುದಷ್ಟೇ ಅವರ ಪಾಲಿನ ಕೆಲಸ. ತಾಳಿ ಕಟ್ಟುವುದು ಒಂದು ವಾರ ಮುಂದಕ್ಕೆ ಹೋದರೆ ಬೆರಗೂ ಅಷ್ಟೇ ಮುಂದಕ್ಕೆ ಹೋಗುತ್ತದೆ.

ಪ್ರತಿದಿನದ ಗಡಿಬಿಡಿಯೊಂದನ್ನೇ ದೂರಿ ಸುಮ್ಮನಾಗುವಂತೆಯೂ ಇಲ್ಲ. 1998ರಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ದೂರದರ್ಶನಕ್ಕೆ ನಿರ್ದೇಶಿಸಿದ ‘ಮಾಯಾಮೃಗ’ವೂ ದೈನಂದಿನ ಧಾರಾವಾಹಿಯೇ ಆಗಿತ್ತು. ಅಲ್ಲಿನ ಜನಕ್ಕೆ ಸಂಬಳದ ಚಿಂತೆಯಿತ್ತು, ನಡುಮಧ್ಯಮ ವರ್ಗದ ಮರ್ಯಾದೆಯ ಅಳುಕಿತ್ತು, ಅವರು ನಮ್ಮ ಬೀದಿಯವರೇ ಇರಬಹುದು ಎನ್ನಿಸುತ್ತಿತ್ತು. ಇಂದಿನ ನಾಯಕ ವಾಸಿಸುವುದೂ ಬೆಂಗಳೂರಿನಲ್ಲೇ. ಆದರೆ ಮೂವತ್ತು ನಲವತ್ತರ ಸೈಟಿಗಾಗಿ ಜನ ಜೀವಮಾನದ ಉಳಿತಾಯವನ್ನು ಸುರಿಯುವ ಈ ಊರಿನಲ್ಲಿ, ಅವನ ಹಜಾರದಿಂದ ಎರಡು ಕಡೆಗೆ ಎರಡು ಮೆಟ್ಟಿಲ ಸಾಲುಗಳು ಏರಿ ಹೋಗುತ್ತವೆ. ಅವನೊಂದು ಕಂಪನಿಯ ಎಂಡಿ. ಆ ಕಂಪನಿ ಸೋಪು ಮಾಡುತ್ತದೆಯೋ ಸಿಮೆಂಟು ಮಾಡುತ್ತದೆಯೋ ಎಂಬುದನ್ನು ಬರೆದವರೂ ತೀರ್ಮಾನಿಸಿದಂತೆ ಕಾಣುವುದಿಲ್ಲ. ಆಗಾಗ್ಗೆ ಒಂದು ಫೈಲು ಕಾಣೆಯಾಗುತ್ತದೆ, ಕೋಟಿಗಟ್ಟಲೆಯ ‘ಪ್ರಾಜೆಕ್ಟ್’ ಕೈತಪ್ಪುತ್ತದೆ, ಅಷ್ಟೇ.

ಇಂಥವರ ಕಥೆ ಹೇಗೆ ನಡೆಯಬೇಕು? ದುಡಿಮೆಯಿಲ್ಲ, ಬಾಡಿಗೆಯಿಲ್ಲ, ಕಾವೇರಿ ನೀರು ಬಾರದ ದಿನವಿಲ್ಲ. ಉಳಿಯುವುದು ಮುಚ್ಚಿಟ್ಟ ಒಂದು ಗುಟ್ಟು ಮಾತ್ರ. ನಾಯಕಿಗೆ ತಿಳಿದದ್ದು ನಾಯಕನಿಗೆ ತಿಳಿಯಬಾರದು. ಅದಕ್ಕಾಗಿ ಅವಳ ಮೊಬೈಲಿನ ಚಾರ್ಜು ಸರಿಯಾದ ಹೊತ್ತಿಗೆ ಮುಗಿಯುತ್ತದೆ, ಅವಳು ಬಾಯಿ ತೆರೆದಾಗಲೇ ಅವನಿಗೆ ತುರ್ತು ಕರೆ ಬರುತ್ತದೆ. ಒಂದು ವಾಟ್ಸಾಪ್ ಸಂದೇಶಕ್ಕೆ ಬಗೆಹರಿಯಬಹುದಾದ ವಿಷಯವನ್ನು ಮಳೆಗಾಲದಿಂದ ಯುಗಾದಿಯವರೆಗೆ ಎಳೆಯುವುದೆಂದರೆ ಹುಳಿಗೆ ಬೇಳೆಯಿಲ್ಲದಿದ್ದರೂ ನೀರು ಸುರಿಯುತ್ತಲೇ ಇದ್ದಂತೆ. ಗುರುವಾರ ಬರುವ ಟಿಆರ್‌ಪಿ ಕುಸಿದಾಗ ಮಾತ್ರ ಕಥೆಗೆ ಒಮ್ಮೆಲೇ ಚುರುಕು ಬಂದು, ಅಪಘಾತವೋ ಮರೆವೋ ಒಬ್ಬರನ್ನು ಬಲಿ ತೆಗೆದುಕೊಳ್ಳುತ್ತದೆ.

ಇಷ್ಟೆಲ್ಲ ಹೇಳುವ ನಾನು ನೋಡುವುದನ್ನೇಕೆ ಬಿಟ್ಟಿಲ್ಲ ಎಂದರೆ, ನಮ್ಮ ಮನೆಯಲ್ಲಿ ಸಂಜೆಯ ರಿಮೋಟು ನಮ್ಮ ಅತ್ತೆಯವರ ಅಧೀನದಲ್ಲಿದೆ, ಅವರೊಂದಿಗೆ ಕುಳಿತು ನೋಡುವುದರಲ್ಲಿ ಒಂದು ಸುಖವೂ ಇದೆ. ಅವರ ವಿಮರ್ಶೆ ನನ್ನದಕ್ಕಿಂತ ಖಚಿತ. ಹೂರಣ ಕಟ್ಟುವ ದೃಶ್ಯ ಬಂದಾಗ ‘ಈ ಹುಡುಗಿ ಹುಟ್ಟಿದ ಮೇಲೆ ಅಡಿಗೆಮನೆ ಕಂಡಿಲ್ಲ ಕಣೆ’ ಎಂದು ಒಂದೇ ಏಟಿಗೆ ತೀರ್ಪು ಕೊಟ್ಟಿದ್ದರು. ಆ ತೀರ್ಪಿನಲ್ಲಿ ನಾನು ಮೇಲೆ ಬರೆದದ್ದೆಲ್ಲ ಅಡಗಿದೆ.

ಕಳೆದ ತಿಂಗಳು ಆ ನಾಯಕಿಯ ಪಾತ್ರಕ್ಕೆ ಬೇರೆ ನಟಿ ಬಂದರು. ಒಂದು ಸಂಜೆ ಹಳಬಳು ಆಸ್ಪತ್ರೆಯ ಮಂಚದಲ್ಲಿ ಮಲಗಿದಳು, ಮರುಸಂಜೆ ಬ್ಯಾಂಡೇಜು ಬಿಚ್ಚಿದರೆ ಹೊಸ ಮುಖ. ಗಂಡ, ಮಾವ, ನಾದಿನಿ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಅತ್ತೆಯವರು ಒಪ್ಪಲಾರರೆಂದು ನಾನೆಣಿಸಿದ್ದೆ. ಅವರು ನಾಲ್ಕು ಕಂತುಗಳನ್ನು ಮೌನವಾಗಿ ಪರಿಶೀಲಿಸಿ, ‘ಪರವಾಗಿಲ್ಲ, ಅವಳಿಗಿಂತ ಇವಳು ಚೆನ್ನಾಗಿ ಅಳ್ತಾಳೆ’ ಎಂದು ಮಂಜೂರು ಮಾಡಿದರು.